ಲೋಟ ನಡೆದ ದೂರ

ಟ್ರೈಲರಿನ ಬಾಗಿಲು ತೆಗೆದ ಅಕ್ಕ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅಕ್ಕ ಮಾತಾಡದಿದ್ದರೆ ಕಾಸರಗೋಡಿನ ಬದಿಯಡ್ಕದ ಆ ಮನೆಯಲ್ಲಿ ಎಲ್ಲರೂ ತಮ್ಮ ತಮ್ಮ ಚಪ್ಪಲಿ ಹುಡುಕಲು ಶುರುಮಾಡುತ್ತಾರೆ. ನಾನು ಇಣುಕಿ ನೋಡಿದೆ. ಮಾವಿನ ಮಿಡಿಯ ಭರಣಿ ಅಡ್ಡಬಿದ್ದು, ಅದರ ರಸವನ್ನೆಲ್ಲ ಹಾಸಿಗೆ ಕುಡಿದಿತ್ತು. ಸಕ್ಕರೆ ಡಬ್ಬಿಯೂ ಸಾಸಿವೆ ಡಬ್ಬಿಯೂ ಮುಚ್ಚಳ ಕಳಚಿಕೊಂಡು ಒಂದೇ ಮನೆಯವರಾಗಿದ್ದವು. ಕಪಾಟಿನ ಬಾಗಿಲು ಒಂದೇ ತಿರುಪಿನಲ್ಲಿ ಜೋತಾಡುತ್ತಿತ್ತು. ಉಳಿದ ಮೂರು ತಿರುಪುಗಳು ರವೆಯೊಳಗೆ ಸಿಕ್ಕಿದವು. ಅದೂ ಮರುದಿನ, ಉಪ್ಪಿಟ್ಟು ತಿನ್ನುವಾಗ.

"ದಾರಿಯಲ್ಲಿ ಏನೂ ಗೊತ್ತಾಗಲಿಲ್ಲವಲ್ಲ!" ಎಂದರು ಭಾವ.

ಅದು ಸುಳ್ಳಲ್ಲ. ಜೀಪಿನಲ್ಲಿ ಕುಳಿತಿದ್ದ ನಮಗೆ ಏನೂ ಗೊತ್ತಾಗಿರಲಿಲ್ಲ. ಕಾರಿನ ಚಕ್ರದಲ್ಲಿ ದೋಷವಿದ್ದರೆ ಸ್ಟಿಯರಿಂಗ್ ನಡುಗುತ್ತದೆ, ಕೂತವರ ಬೆನ್ನು ನೋಯುತ್ತದೆ, ಹಿಂದಿನ ಸೀಟಿನಿಂದ ದೂರು ಬರುತ್ತದೆ. ಓಡುವ ಟ್ರೈಲರಿನೊಳಗೆ ಜನ ಕೂರುವಂತಿಲ್ಲ, ಆದ್ದರಿಂದ ದೂರು ಹೇಳುವವರೂ ಇಲ್ಲ. ಪಾಪ, ಉಪ್ಪಿನಕಾಯಿ ಯಾರಿಗೆ ಹೇಳಬೇಕು?

ಈ ಟ್ರೈಲರಿನ ಪೂರ್ವಾಶ್ರಮವನ್ನು ಸ್ವಲ್ಪ ಹೇಳಬೇಕು. ಅದು ಮೊದಲು ಮದುವೆ ಅಡುಗೆಯ ಪಾತ್ರೆಗಳನ್ನು ಹೊರುತ್ತಿತ್ತು. 2021ರಲ್ಲಿ ಕೇರಳ ಸರಕಾರ ಕ್ಯಾರವಾನ್ ಪ್ರವಾಸೋದ್ಯಮದ ನೀತಿ ತಂದಾಗಿನಿಂದ ಭಾವನ ತಲೆಯಲ್ಲಿ ಚಕ್ರಗಳ ಮೇಲಿನ ಮನೆಯೊಂದು ಓಡುತ್ತಿತ್ತು. ನಿಜವಾದ ಕ್ಯಾರವಾನಿನ ಬೆಲೆ ಕೇಳಿದ ದಿನ ಅವರು ಮಧ್ಯಾಹ್ನದ ಊಟ ಮಾಡಲಿಲ್ಲ. ಅಡಿಕೆಗೆ ಒಳ್ಳೆಯ ದರ ಬಂದ ವರ್ಷ ಈ ಎರಡು ಚಕ್ರದ ಟ್ರೈಲರನ್ನು ಕೊಂಡು, ತಗಡಿನ ಮಾಡು, ಪ್ಲೈವುಡ್ಡಿನ ಮಂಚ, ಒಂದು ಕಪಾಟು, ಒಂದು ಕಿಟಕಿ ಇಡಿಸಿದರು. ಹೊಸದಾಗದೆ ಉಳಿದದ್ದು ಚಕ್ರಗಳು ಮಾತ್ರ.

ಟಯರ್ ಬ್ಯಾಲೆನ್ಸ್ ಮಾಡಿಸಬೇಕೆಂದು ನಾನು ಹೇಳಿದೆ. ಅಂದರೆ ಚಕ್ರವನ್ನು ಯಂತ್ರದಲ್ಲಿ ತಿರುಗಿಸಿ ನೋಡಿ, ಭಾರ ಕಡಿಮೆಯಿದ್ದಲ್ಲಿ ಸಣ್ಣ ತೂಕ ಸೇರಿಸಿ ಸುತ್ತಲೂ ಸಮ ಮಾಡುವುದು. ನಮ್ಮ ಸಂಪ್ರದಾಯದಲ್ಲಿ ಅವರೂ ನನಗೆ ಭಾವ, ನಾನೂ ಅವರಿಗೆ ಭಾವ. ಹಾಗಾಗಿ ಇಬ್ಬರಲ್ಲಿ ಯಾರ ಮಾತು ನಡೆಯಬೇಕು ಎಂಬುದು ಸಂಬಂಧದ ಹೆಸರಿನಿಂದ ತೀರ್ಮಾನವಾಗುವುದಿಲ್ಲ.

"ಭಾವ, ಟ್ರೈಲರಿಗೆ ಯಾರಾದರೂ ಬ್ಯಾಲೆನ್ಸ್ ಮಾಡಿಸುತ್ತಾರಾ? ಎತ್ತಿನ ಗಾಡಿಗೆ ಮಾಡಿಸಿದ್ದರಾ?"

ಊರಿನ ಅಭಿಪ್ರಾಯ ಅವರ ಕಡೆಗೇ ಇತ್ತು. ವಿಚಾರಿಸಿದಲ್ಲೆಲ್ಲ ಒಬ್ಬರು "ಬೊಡ್ಚಿ" ಎಂದರು, ಒಬ್ಬರು "ವೇಂಡ" ಎಂದರು, ಕಿರಾಣಿ ಅಂಗಡಿಯ ಕೊಂಕಣಿ ಮಾಮ "ನಾಕ್ಕಾ" ಎಂದರು. ಸಪ್ತಭಾಷೆಗಳ ನಾಡಿನಲ್ಲಿ ಒಂದು ಕೆಲಸ ಬೇಡವೆನ್ನಲು ಎಷ್ಟು ದಾರಿಗಳಿವೆ ಎಂದು ಆ ದಿನ ತಿಳಿಯಿತು. ಟೆಕ್ಸಾಸಿನಲ್ಲಿರುವ ಭಾವನ ತಮ್ಮನಿಗೂ ಫೋನು ಹೋಯಿತು. ಅವನಲ್ಲಿ ನಿಜವಾದ ಪ್ರವಾಸಿ ಟ್ರೈಲರೇ ಇದೆ. ಅಲ್ಲಿ ಹೊಸ ಟ್ರೈಲರುಗಳು ಕೂಡ ಎಷ್ಟೋ ಸಲ ಬ್ಯಾಲೆನ್ಸ್ ಮಾಡದ ಚಕ್ರಗಳಲ್ಲೇ ಕಾರ್ಖಾನೆಯಿಂದ ಬರುತ್ತವಂತೆ. ಮಾಡಿಸಬೇಕೆನ್ನುವವರು, ಬೇಡವೆನ್ನುವವರು ಎಂದು ಅಲ್ಲಿಯೂ ಎರಡು ಪಂಗಡವಂತೆ. ತಾನು ಮಾಡಿಸಿದ್ದೇನೆ ಎಂದು ಅವನು ಹೇಳುವಷ್ಟರಲ್ಲಿ ಭಾವನಿಗೆ ಸಿಗ್ನಲ್ ಹೋಯಿತು. ಹೋಯಿತೋ, ಕಳಿಸಿದರೋ.

ನಮ್ಮ ಒಳರಸ್ತೆಗಳಲ್ಲಿ ಈ ಚರ್ಚೆ ಹುಟ್ಟುತ್ತಲೇ ಇರಲಿಲ್ಲ. ಗುಂಡಿಯಿಂದ ಗುಂಡಿಗೆ ಇಳಿದು ಹತ್ತುವ ಗಾಡಿಯಲ್ಲಿ ಯಾವ ಕುಲುಕು ರಸ್ತೆಯದ್ದು, ಯಾವುದು ಚಕ್ರದ್ದು ಎಂದು ಬೇರ್ಪಡಿಸಲು ಹಂಸಕ್ಷೀರ ನ್ಯಾಯವೇ ಬೇಕು. ಆದರೆ ಈಗ ತಲಪಾಡಿಯಿಂದ ಚೆಂಗಳದವರೆಗೆ 39 ಕಿಲೋಮೀಟರ್ ಆರು ಪಥದ ಹೆದ್ದಾರಿ ಬಂದಿದೆ. ಅದರಲ್ಲಿ ಭಾವನ ಕಾಲು ತಾನಾಗಿಯೇ ಭಾರವಾಗುತ್ತದೆ.

ಕೊನೆಗೆ ಅಕ್ಕನ ಮಗ ಒಂದು ಉಪಾಯ ಹೇಳಿದ. ಎಂಜಿನಿಯರಿಂಗ್ ಓದುವ ಹುಡುಗ. ಮನೆಗೆ ಬಂದಾಗ ನಿದ್ರೆ ಬಿಟ್ಟರೆ ಇಂಥದ್ದೇ ಕೆಲಸ. ಮೊಬೈಲನ್ನು ಟ್ರೈಲರಿನೊಳಗಿನ ಕಿಟಕಿಯ ಸರಳಿಗೆ ಹಳೆಯ ಬೈರಾಸಿನಿಂದ ಕಟ್ಟಿದೆವು. ಎದುರಿನ ಹಲಗೆಯ ಮೇಲೆ ಒಂದು ಸ್ಟೀಲ್ ಲೋಟ ಇಟ್ಟೆವು. ಕುಂಬಳೆಯಲ್ಲಿ ಹೆದ್ದಾರಿಗೆ ಹತ್ತಿ ಉಪ್ಪಳದ ಕಡೆಗೆ ಹೊರಟೆವು. ಎಷ್ಟು ಗಂಟೆಗೆ ಎಷ್ಟು ವೇಗ ಎಂದು ಹುಡುಗ ಜೀಪಿನಲ್ಲಿ ಕೂತು ಬರೆದುಕೊಂಡ.

ಸಂಜೆ ಎಲ್ಲರೂ ಜಗಲಿಯಲ್ಲಿ ಕೂತು ಆ ಚಿತ್ರ ನೋಡಿದೆವು. 40ರಲ್ಲಿ ಲೋಟ ಸುಮ್ಮನೆ ನಿಂತಿತ್ತು. 50ರಲ್ಲಿ ಸಣ್ಣಗೆ ಗುಂಯ್‌ಗುಟ್ಟತೊಡಗಿತು. 60ರಲ್ಲಿ ನಿಂತಲ್ಲೇ ಬಲಕ್ಕೆ ತಿರುಗತೊಡಗಿತು, ಸಭೆಯನ್ನೊಮ್ಮೆ ನೋಡುವಂತೆ. ಆರಿಕ್ಕಾಡಿ ದಾಟಿ 70 ಆದಾಗ ಹೆಜ್ಜೆ ಕಿತ್ತು ನಡೆಯತೊಡಗಿತು. ಅರ್ಧ ಅಡಿ ಮುಂದೆ, ಒಂದು ಸುತ್ತು, ಮತ್ತೆ ಅರ್ಧ ಅಡಿ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆಯ ಗಾಳಿ ಲೋಟಕ್ಕೂ ತಾಗಿರಬೇಕು. ಬಂದ್ಯೋಡು ಬರುವಾಗ ಹಲಗೆಯ ತುದಿಗೆ ಬಂದು, ಒಂದು ಕ್ಷಣ ಅಲ್ಲೇ ತೂಗಾಡಿ, ನೆಲಕ್ಕೆ ಹಾರಿತು.

"ಇನ್ನೊಮ್ಮೆ ಹಾಕು," ಎಂದಳು ಅಕ್ಕ. ಭಾವ ಎದ್ದು ಹಟ್ಟಿಯ ಕಡೆ ಹೋದರು.

ಟಯರ್ ಅಂಗಡಿಯಲ್ಲಿ ಇನ್ನೊಂದು ತಮಾಷೆ ನಡೆಯಿತು. ಹುಡುಗನೊಬ್ಬ ಎಡಚಕ್ರದ ನಡುವಿನ ತೂತಿಗೆ ಕೋನು ತೂರಿಸಿ ಯಂತ್ರಕ್ಕೆ ಸಿಕ್ಕಿಸಿ ತಿರುಗಿಸಿದ. 60 ಗ್ರಾಂ ಎಂದು ತೋರಿಸಿತು. ಬಿಚ್ಚಿ, ಸ್ವಲ್ಪ ತಿರುಗಿಸಿ ಮತ್ತೆ ಸಿಕ್ಕಿಸಿದ. 35 ಎಂದಿತು. ಭಾವನ ಮುಖ ಅರಳಿತು: "ನೋಡಿದಿರಾ? ಯಂತ್ರಕ್ಕೇ ನಿಶ್ಚಯವಿಲ್ಲ!" ಅಷ್ಟರಲ್ಲಿ ಒಳಗಿನಿಂದ ಬಂದ ಹಿರಿಯ ಮೆಕ್ಯಾನಿಕ್ ಚಕ್ರವನ್ನು ಒಮ್ಮೆ ನೋಡಿ ನಕ್ಕರು. "ಭಟ್ಟರೇ, ಕಾರಿನ ಚಕ್ರವನ್ನು ನಡುವಿನ ತೂತು ಹಿಡಿದು ನಿಲ್ಲಿಸುತ್ತದೆ. ಇದನ್ನು ಸುತ್ತಲಿನ ನಟ್ಟುಗಳು ಹಿಡಿದು ನಿಲ್ಲಿಸುತ್ತವೆ. ನಡುವಿನ ತೂತು ಹೆಸರಿಗೆ ಮಾತ್ರ." ನಟ್ಟಿನ ತೂತುಗಳನ್ನೇ ಹಿಡಿಯುವ ಬೆರಳುಗಳಿರುವ ಒಂದು ತಟ್ಟೆಯನ್ನು ತಂದು ಜೋಡಿಸಿದರು. ಈಗ ಎಷ್ಟು ಸಲ ತಿರುಗಿಸಿದರೂ ಒಂದೇ ಮಾತು: ಬಲಚಕ್ರಕ್ಕೆ 20, ಎಡಚಕ್ರಕ್ಕೆ 95.

ಅಕ್ಕನ ಮಗ ಅಲ್ಲೇ ಮೊಬೈಲಿನಲ್ಲಿ ಲೆಕ್ಕ ಹಾಕಿದ. ಗಂಟೆಗೆ 70 ಕಿಲೋಮೀಟರಿನಲ್ಲಿ ಆ ಚಕ್ರ ಸೆಕೆಂಡಿಗೆ ಸುಮಾರು 9 ಸುತ್ತು ಸುತ್ತುತ್ತದೆ. ರಿಮ್ಮಿನ ಅಂಚಿನಲ್ಲಿ 95 ಗ್ರಾಂ ಹೆಚ್ಚಿದ್ದರೆ ಅದರ ಎಳೆತ ಸುಮಾರು 6 ಕಿಲೋ ಭಾರದಷ್ಟಾಗುತ್ತದೆ. ವೇಗ ಅರ್ಧವಾದರೆ ಎಳೆತ ಕಾಲು ಭಾಗಕ್ಕೆ ಇಳಿಯುತ್ತದೆ. ಅಂದರೆ ಮಂಚದ ಕೆಳಗೆ ಯಾರೋ ಕೂತು ಆರು ಕಿಲೋ ಹಲಸಿನಕಾಯಿಯನ್ನು ಸೆಕೆಂಡಿಗೆ ಒಂಬತ್ತು ಸಲ ಎತ್ತಿ ಇಳಿಸಿದಂತೆ. ಕಾರಿನಲ್ಲಾದರೆ ಶಾಕ್ ಅಬ್ಸಾರ್ಬರ್ ಇದೆ, ಸ್ವಲ್ಪ ತಡೆದುಕೊಳ್ಳುತ್ತದೆ. ಭಾವನ ಟ್ರೈಲರಿನಲ್ಲಿ ಬರೀ ಪಟ್ಟಿ ಸ್ಪ್ರಿಂಗು. ಬಂದದ್ದೆಲ್ಲ ನೇರವಾಗಿ ಉಪ್ಪಿನಕಾಯಿಗೆ.

ಮೆಕ್ಯಾನಿಕ್ ಎಡ ಟಯರಿನ ಮೇಲೆ ಭಾವನ ಅಂಗೈಯನ್ನು ಇಟ್ಟು ಸವರಿಸಿದರು. ಅಲ್ಲಲ್ಲಿ ಗುಳಿ ಬಿದ್ದು, ಪಡ್ಡು ಹೊಯ್ಯುವ ಕಾವಲಿಯಂತಾಗಿತ್ತು. ಬಲದ್ದು ನುಣುಪಾಗಿಯೇ ಇತ್ತು, ಕಚ್ಚುಗಳೂ ಆಳವಿದ್ದವು. ಅದನ್ನಾದರೂ ಉಳಿಸೋಣ ಎಂದರು ಭಾವ. ಮೆಕ್ಯಾನಿಕ್ ಅದರ ಬದಿಯಲ್ಲಿದ್ದ ನಾಲ್ಕು ಅಂಕಿಗಳನ್ನು ಬೆರಳಿನಿಂದ ಒರೆಸಿ ತೋರಿಸಿದರು: 1714. ಅಂದರೆ 2014ರ 17ನೆಯ ವಾರದಲ್ಲಿ ತಯಾರಾದದ್ದು. ಭಾವ ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು. ಅಂಕಿ ಬದಲಾಗಲಿಲ್ಲ.

ಎರಡು ಹೊಸ ಟಯರ್ ಬಂದವು. ಬ್ಯಾಲೆನ್ಸಿಗೆ ತೆತ್ತ ಹಣ ಆ ಬಿಲ್ಲಿನಲ್ಲಿ ಹುಡುಕಿದರೂ ಸಿಗದಷ್ಟು ಸಣ್ಣದು. ಇಷ್ಟಕ್ಕಾಗಿ ಒಂದು ತಿಂಗಳು ವಾದಿಸಿದೆವಲ್ಲ ಎಂದು ನಾಚಿಕೆಯಾಯಿತು. ನಾಚಿಕೆ ನನಗೆ ಮಾತ್ರ. ಭಾವ ಆಗಲೇ ಅಂಗಡಿಯ ಹುಡುಗನಿಗೆ, "ಟ್ರೈಲರ್ ಎಂದಮೇಲೆ ಬ್ಯಾಲೆನ್ಸ್ ಮಾಡಿಸಲೇಬೇಕು," ಎಂದು ತಿಳಿಹೇಳುತ್ತಿದ್ದರು.

ಮುಂದಿನ ವಾರ ಸುಬ್ರಹ್ಮಣ್ಯಕ್ಕೆ ಹೊರಟೆವು. ಅಕ್ಕ ಹೊಸ ಹಾಸಿಗೆ ಹಾಸಿದ್ದಳು. ದಾರಿಯಲ್ಲಿರುವ ನೆಂಟರಿಗೆಂದು ಭಾವ ಎಂಟು ಹಲಸಿನ ಹಣ್ಣುಗಳನ್ನು ತುಂಬಿಸಿದರು. ಬಾಗಿಲು ಹಿಂದಿದೆಯೆಂದು ಎಂಟನ್ನೂ ಹಿಂದೆಯೇ ಇಟ್ಟರು. ಮುಳ್ಳೇರಿಯದ ತಿರುವಿನಲ್ಲಿ ಟ್ರೈಲರ್ ಬಾಲ ಅಲ್ಲಾಡಿಸತೊಡಗಿತು, ಅದರ ಜೊತೆಗೆ ಜೀಪೂ. ಭಾವ ಬೆವರುತ್ತ ಬದಿಗೆ ನಿಲ್ಲಿಸಿ ಟೆಕ್ಸಾಸಿಗೆ ಫೋನು ಮಾಡಿದರು. ಒಟ್ಟು ತೂಕದಲ್ಲಿ ನೂರಕ್ಕೆ 10ರಿಂದ 15 ಪಾಲು ಮುಂದಿನ ಕೊಕ್ಕೆಯ ಮೇಲೆ ಬೀಳಬೇಕೆಂದು ನಿದ್ರೆಗಣ್ಣಿನಲ್ಲಿ ಅವನು ಹೇಳಿದ. ಈ ಸಲ ಸಿಗ್ನಲ್ ಹೋಗಲಿಲ್ಲ. ರಸ್ತೆಬದಿಯಲ್ಲಿ ನಿಂತು ಹಣ್ಣುಗಳನ್ನು ಒಂದೊಂದಾಗಿ ಮುಂದಕ್ಕೆ ಸಾಗಿಸಿದೆವು. ಮುಂದಿದ್ದ ಜಾಗವೆಂದರೆ ಮಂಚ.

ಸುಬ್ರಹ್ಮಣ್ಯದಲ್ಲಿ ಬಾಗಿಲು ತೆಗೆದವಳು ಅಕ್ಕನೇ. ಲೋಟ ಇಟ್ಟಲ್ಲಿಂದ ಕದಲಿರಲಿಲ್ಲ. ಕಪಾಟು ಗಟ್ಟಿಯಾಗಿತ್ತು. ಭರಣಿ ನೆಟ್ಟಗೆ ನಿಂತಿತ್ತು. ಮೆತ್ತನೆಯ ತೊಳೆಯ ತುಳುವ ಹಲಸಿನ ಹಣ್ಣೊಂದು ಮಾತ್ರ ಬಿರಿದು, ಹೊಸ ಹಾಸಿಗೆಯ ತುಂಬ ಮೇಣ ಹರಡಿಕೊಂಡು, ಘಮಘಮಿಸುತ್ತ ಮಲಗಿತ್ತು.

ಈ ಸಲ ಅಕ್ಕ ಮಾತಾಡಿದಳು.