ಮುಚ್ಚಳ ಮಾತ್ರ ಗಾಜಿನದು

ಮುಚ್ಚಳ ಹೋಯಿತು. ಚೂರುಗಳನ್ನು ದಿನಪತ್ರಿಕೆಯಲ್ಲಿ ಸುತ್ತಿ, ಮೇಲೆ ‘ಗಾಜು’ ಎಂದು ದಪ್ಪಕ್ಷರದಲ್ಲಿ ಬರೆದು, ಬೆಳಗ್ಗೆ ಕಸದ ಆಟೋಗೆ ಕೊಟ್ಟು ಬಂದೆ. ಕೈ ಇನ್ನೂ ನಡುಗುತ್ತಿದೆ, ದುಃಖದಿಂದಲ್ಲ, ಸಿಟ್ಟಿನಿಂದ.

ಓವನ್‌ನಿಂದ ತೆಗೆದು ನೇರವಾಗಿ ಊಟದ ಮೇಜಿಗೇ ಇಡಬಹುದಾದ ಹಳೆಯ ಪಿಂಗಾಣಿ ಪಾತ್ರೆಗಳನ್ನು ಕೂಡಿಡುವ ಹುಚ್ಚು ನನ್ನದು. ನಮ್ಮ ಓವನ್ ಮೇಲೆ ಸದಾ ಈರುಳ್ಳಿ ಬುಟ್ಟಿ ಕುಳಿತಿರುತ್ತದೆ ಎಂಬುದು ಬೇರೆ ಮಾತು. ಇದ್ದವುಗಳಲ್ಲಿ ಪಟ್ಟದ ಪಾತ್ರೆ ಎಂದರೆ ಬಿಳಿ ಮೈಯ, ನೀಲಿ ಹೂವಿನ, ಕಾರ್ನಿಂಗ್‌ವೇರ್ ಎಂಬ ಅಮೆರಿಕನ್ ಬ್ರಾಂಡಿನದು. ಹೋದ ಮುಚ್ಚಳ ಅದರದೇ.

ಅದರ ಜನ್ಮವೃತ್ತಾಂತ ನಮ್ಮವರಿಗೆ ಕಂಠಪಾಠ. ಮನೆಗೆ ಬಂದವರಿಗೆ ಕಾಫಿಗಿಂತ ಮೊದಲು ಅದೇ ಸಿಗುತ್ತದೆ. 1950ರ ದಶಕದ ಆರಂಭದಲ್ಲಿ ಅಮೆರಿಕದ ಡೊನಾಲ್ಡ್ ಸ್ಟೂಕಿ ಎಂಬ ವಿಜ್ಞಾನಿ ಗಾಜಿನ ತುಂಡೊಂದನ್ನು 600 ಡಿಗ್ರಿಗೆ ಕಾಯಲು ಇಟ್ಟಿದ್ದರು. ಕುಲುಮೆ ಕೆಟ್ಟು 900 ಮುಟ್ಟಿತು. ಕರಗಬೇಕಿದ್ದ ಗಾಜು ಪಿಂಗಾಣಿಯಂತೆ ಬೆಳ್ಳಗೆ ಗಟ್ಟಿಯಾಗಿ ನಿಂತಿತ್ತು. ತೆಗೆಯುವಾಗ ಇಕ್ಕಳದಿಂದ ಜಾರಿ ನೆಲಕ್ಕೆ ಬಿತ್ತು. ಒಡೆಯಲಿಲ್ಲ. ಆ ಶೋಧವೇ 1958ರಲ್ಲಿ ಪಾತ್ರೆಯಾಗಿ ಅಂಗಡಿಗೆ ಬಂತು.

ಇದನ್ನು ಕುಳಿತು ಹೇಳಬಹುದು. ಇವರು ಆಡಿ ತೋರಿಸುತ್ತಾರೆ. ‘ಜಾರಿ’ ಎನ್ನುವ ಹೊತ್ತಿಗೆ ಪಾತ್ರೆ ಎದೆಯೆತ್ತರಕ್ಕೆ ಏರಿರುತ್ತದೆ. ಅಲ್ಲಿ ಕಥೆ ನಿಲ್ಲಿಸಿ ಅತಿಥಿಗಳ ಮುಖ ನೋಡುತ್ತಾರೆ. ನನ್ನ ಮುಖವನ್ನಂತೂ ನೋಡುವುದಿಲ್ಲ. ಆಮೇಲೆ ಬಿಟ್ಟಂತೆ ಮಾಡಿ, ಗ್ರಾನೈಟ್ ಕಟ್ಟೆಗೆ ಟಣ್ ಎಂದು ಕುಟ್ಟುತ್ತಾರೆ. ಕುಲುಮೆಯ ಶಾಖ ಅತಿಥಿಯ ಅಂತಸ್ತಿಗೆ ತಕ್ಕಂತೆ ಏರುತ್ತದೆ: ಅಪಾರ್ಟ್‌ಮೆಂಟಿನ ಕಾರ್ಯದರ್ಶಿಗೆ 1,200, ಬೀಗರಿಗೆ 2,000. ಕ್ಷಿಪಣಿಯ ಮೂತಿಗೂ ಇದೇ ಬಗೆಯ ವಸ್ತುವನ್ನು ಬಳಸಿದ್ದು ನಿಜ. ಆದರೆ ಆ ಮಾತು ಬಂದಾಗ ಪಾತ್ರೆಯನ್ನೇ ಉಡಾಯಿಸುವ ಭಂಗಿ ಏಕೆ? ನಿನ್ನೆ ಇವರ ಷಡ್ಡಕರು ಬಂದಿದ್ದರು. ಉಡಾವಣೆ ಆಯಿತು. ಪಾತ್ರೆಗೆ ಕೂದಲೂ ಕೊಂಕಲಿಲ್ಲ. ಮುಚ್ಚಳ ಬರೀ ಗಾಜಿನದು ಎಂಬ ಸತ್ಯ, ಭೌತಶಾಸ್ತ್ರ ಓದಿದ ಇವರಿಗೆ ಆಗ ಹೊಳೆಯಿತು.

“ಇನ್ನೊಂದು ತಂದರಾಯಿತು ಬಿಡು.”

ತರಕಾರಿಯೇ ತರುವುದಕ್ಕೆ? ಬೆಂಗಳೂರಿನ ಕುಕ್ ಟೌನಿನಲ್ಲಿ ಹಳೆಯ ಬಂಗಲೆಯೊಂದನ್ನು ಕೆಡವುವ ಮುನ್ನ ಸಾಮಾನುಗಳನ್ನೆಲ್ಲ ಅಂಗಳದಲ್ಲಿ ಮಾರಾಟಕ್ಕಿಟ್ಟಿದ್ದರು; ಇದು ಸಿಕ್ಕಿದ್ದು ಅಲ್ಲಿ. ತಳದಲ್ಲಿ ಯಾರೋ ಕೆಂಪು ಉಗುರುಬಣ್ಣದಿಂದ ತಮ್ಮ ಹೆಸರಿನ ಮೊದಲಕ್ಷರ ಬರೆದಿದ್ದಾರೆ. ನಮ್ಮಮ್ಮ ಸ್ಟೀಲ್ ಪಾತ್ರೆಗಳಿಗೆ ಹೆಸರು ಹಾಕಿಸುತ್ತಿದ್ದರು. ಆ ಮನೆಯಾಕೆಯೂ ಅಕ್ಕಪಕ್ಕದವರಿಗೆ ಏನೋ ಮಾಡಿ ಕಳಿಸಿ, ಪಾತ್ರೆ ಹಿಂದಿರುಗಲಿ ಎಂದು ಬಾಗಿಲು ನೋಡಿರಬೇಕು. ತಳದ ಆ ಅಕ್ಷರಕ್ಕೆ ಮಾತ್ರ ನಾನು ತೆಂಗಿನ ನಾರು ತಾಗಿಸುವುದಿಲ್ಲ.

ಭಾನುವಾರ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಕಡೆ ಹಳೆಯ ಸಾಮಾನು ಹರಡಿಕೊಂಡು ಕೂರುವ ವ್ಯಾಪಾರಿಯೊಬ್ಬರಿಗೆ ಫೋನ್ ಮಾಡಿದೆ.

“ಬರೀ ಮುಚ್ಚಳ ಬರುವುದಿಲ್ಲ ಅಕ್ಕಾ. ನಿಮ್ಮ ಪಾತ್ರೆಯನ್ನೇ ಕೊಟ್ಟುಬಿಡಿ. ಒಬ್ಬರು ಮೇಡಂ ಕೇಳುತ್ತಿದ್ದಾರೆ. ಅವರ ಹತ್ತಿರ ಮುಚ್ಚಳ ಮಾತ್ರ ಉಳಿದಿದೆಯಂತೆ.”

ಒಡೆಯದ ಪಾತ್ರೆಯನ್ನೇ ಒಡೆದ ಆ ಮನೆಯ ಯಜಮಾನರು ಇನ್ನೆಂಥ ಕಥೆಗಾರರಿರಬೇಕು! ಆ ಮೇಡಂ ನಂಬರ್ ಕೊಡಿ ಎಂದೆ.

“ಅವರೂ ಪಾತ್ರೆ ಇರುವವರ ನಂಬರ್ ಕೊಡಿ ಎಂದೇ ಕೇಳಿದರು ಅಕ್ಕಾ. ಇಬ್ಬರಿಗೂ ಕೊಟ್ಟು ನಾನೇನು ಮಾರಲಿ?”