ಅವಶೇಷ ಹೊತ್ತ ಮರದ ಮೂರ್ತಿಗಳು ಚರ್ಚಿನಲ್ಲೇ ಇರಬೇಕೇ?

ಪರ

ಇಟಲಿಯ ಲುಕ್ಕಾದ ಸ್ಯಾನ್ ಮಾರ್ಟಿನೊ ಕೆಥೆಡ್ರಲ್‌ನಲ್ಲಿ, ಶಿಲುಬೆಯ ಮೇಲೆ ಕಣ್ಣು ತೆರೆದೇ ಇರುವ ಮರದ ಕ್ರಿಸ್ತನಿದ್ದಾನೆ. ಹೆಸರು ವೋಲ್ಟೊ ಸ್ಯಾಂಟೊ, ಅಂದರೆ ಪವಿತ್ರ ಮುಖ. ಯೇಸುವನ್ನು ಸಮಾಧಿ ಮಾಡಲು ನೆರವಾದ ನಿಕೊದೇಮ ಕೆತ್ತಿದ, ಮುಖವನ್ನು ದೇವದೂತರು ಮುಗಿಸಿದರು, ಒಳಗೆ ಪವಿತ್ರ ಅವಶೇಷಗಳಿದ್ದವು (ಯೇಸು ಅಥವಾ ಸಂತರಿಗೆ ಸೇರಿದವೆಂದು ಪೂಜಿಸುವ ವಸ್ತುಗಳು) ಎನ್ನುತ್ತದೆ ಐತಿಹ್ಯ. ಇಂಥ ಮೂರ್ತಿ ಭಕ್ತರ ನಡುವೆಯೇ ಇರಬೇಕು. ಅಲ್ಲಿಂದ ಎಬ್ಬಿಸಿದರೆ ಉಳಿಯುವುದು ಬಣ್ಣ ಬಳಿದ ಮರದ ದಿಮ್ಮಿ. ಇದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿಲ್ಲ.

ಒಮ್ಮೆ ಸೆಪ್ಟೆಂಬರ್ 13ರ ಸಂಜೆ ಆ ಊರಲ್ಲಿದ್ದೆ. ಮೂರ್ತಿಗೆ ಮಖಮಲ್ಲಿನ ನಿಲುವಂಗಿ, ಚಿನ್ನದ ಕಿರೀಟ ತೊಡಿಸುವ ಹಬ್ಬ. ಕಿಟಕಿ ಕಿಟಕಿಗೂ ಗಾಜಿನ ಲೋಟದಲ್ಲಿ ಮೇಣದ ದೀಪ. ಸ್ಯಾನ್ ಫ್ರೆಡಿಯಾನೊ ಚರ್ಚಿನಿಂದ ಕೆಥೆಡ್ರಲ್‌ವರೆಗೆ ಮೆರವಣಿಗೆ. ನನ್ನ ಪಕ್ಕ ನಡೆಯುತ್ತಿದ್ದ ಹಿರಿಯರು ಬ್ರೆಜಿಲ್‌ನವರು. ಅವರಜ್ಜ ಲುಕ್ಕಾ ಬಿಟ್ಟು ಹೋದವರಂತೆ. ಹಡಗು ಹತ್ತುವಾಗ ಅಜ್ಜ ಜೇಬಿನಲ್ಲಿಟ್ಟುಕೊಂಡಿದ್ದ ವೋಲ್ಟೊ ಸ್ಯಾಂಟೊ ಪಟ ಈಗ ಇವರ ಕೈಯಲ್ಲಿತ್ತು. ಮೂಲೆಗಳೆಲ್ಲ ಸವೆದು, ಕಾಗದ ಹಳೇ ಸೀರೆಯ ಹಾಗೆ ಮೆತ್ತಗಾಗಿತ್ತು. "ಇದನ್ನೊಮ್ಮೆ ಅವನ ಮುಂದೆ ಹಿಡಿದು ಬಾ ಅಂತ ಅಪ್ಪ ಹೇಳಿದ್ದರು" ಅಂದರು. ಇಂಥವರು ಹರಕೆ ಒಪ್ಪಿಸಲು ಮ್ಯೂಸಿಯಂ ಮೆಟ್ಟಿಲು ಹತ್ತಬೇಕೇ? ಗಾಜಿನ ಪೆಟ್ಟಿಗೆ, ಮೂರು ಸಾಲಿನ ಫಲಕ, ಸಂಜೆಯಾದರೆ ಬೀಗ: ಮ್ಯೂಸಿಯಂನವರಿಗೆ ಗೊತ್ತಿರುವುದು ಇಷ್ಟೇ.

ಚರ್ಚಿನಲ್ಲೇ ಬಿಟ್ಟರೆ ಮರಕ್ಕೆ ಹುಳು ಹಿಡಿಯುತ್ತದೆ, ದೀಪದ ಮಸಿ ಕೂರುತ್ತದೆ ಎಂದು ಮ್ಯೂಸಿಯಂ ಪರ ಇರುವವರು ಹೆದರಿಸುತ್ತಾರೆ. ಸಾವಿರ ವರ್ಷ ಕಾಪಾಡಿದ್ದು ಭಕ್ತರೇ ತಾನೆ? 2022ರಲ್ಲಿ ದುರಸ್ತಿ ಶುರುವಾದಾಗಲೂ ಫ್ಲಾರೆನ್ಸಿನ ತಜ್ಞರೇ ಕೆಥೆಡ್ರಲ್‌ಗೆ ಬಂದರು, ಮೂರ್ತಿ ಊರು ಬಿಡಲಿಲ್ಲ.

ವಿರೋಧ

ಹಬ್ಬ ನಿಲ್ಲಲಿ ಎಂದು ನಾನೂ ಹೇಳಲಾರೆ. ಮೂರ್ತಿ ಚರ್ಚಿನಲ್ಲೇ ಇರಲಿ ಎಂಬುದನ್ನು ನಾನು ವಿರೋಧಿಸುವುದು ಮರದ ಸಲುವಾಗಿ. ಲುಕ್ಕಾದ ಮೂರ್ತಿ ಕಳೆದುಹೋದ ಮೂಲದ ನಕಲು ಎಂದೇ ಅನೇಕ ವಿದ್ವಾಂಸರು ತಿಳಿದಿದ್ದರು. 2020ರಲ್ಲಿ ಪ್ರಕಟವಾದ ರೇಡಿಯೊಕಾರ್ಬನ್ ಪರೀಕ್ಷೆ (ವಸ್ತುವಿನಲ್ಲಿ ಉಳಿದ ಇಂಗಾಲದಿಂದ ವಯಸ್ಸು ತಿಳಿಯುವ ವಿಧಾನ) ಅದರ ಕಾಲವನ್ನು ಕ್ರಿ.ಶ. 770–880ರ ನಡುವೆ ಇಟ್ಟಿತು, ಅಂದರೆ ಇದೇ ಮೂಲವಿರಬಹುದು. ಈ ವಯಸ್ಸು ಗೊತ್ತಾದದ್ದು ಮರದ ಚೂರಿನಿಂದ, ಅದಕ್ಕೆ ಅಂಟಿಸಿದ್ದ ಬಟ್ಟೆಯ ತುಣುಕಿನಿಂದ. ಭಕ್ತಿ ಅದನ್ನು ಹೇಳಲಿಲ್ಲ.

ಹದಿನೈದನೇ ಶತಮಾನದ ಶಿಲ್ಪಿ ಡೊನಾಟೆಲ್ಲೊ ಕೆತ್ತಿದ, ಯೇಸುವಿನ ಶಿಷ್ಯೆ ಮಗ್ದಲೇನಳ ಮರದ ಮೂರ್ತಿಯನ್ನೂ ನೋಡಿ. ಅದು ಅವಶೇಷದ ಮೂರ್ತಿಯಲ್ಲ, ಮರದ ಕಷ್ಟ ಮಾತ್ರ ಒಂದೇ. ಫ್ಲಾರೆನ್ಸಿನ ಬ್ಯಾಪ್ಟಿಸ್ಟರಿಯಲ್ಲಿತ್ತು (ದೀಕ್ಷಾಸ್ನಾನದ ಕಟ್ಟಡ). 1966ರ ನವೆಂಬರ್ 4ರಂದು ಆರ್ನೊ ನದಿ ಉಕ್ಕಿ, ಕೆಸರು ಅದರ ಮೈಗೆ ಮೆತ್ತಿತು. ತಜ್ಞರು ಶುಚಿ ಮಾಡುವಾಗ ಕಂದು ಪದರದಡಿ ಕೂದಲಿಗೆ ಹಚ್ಚಿದ್ದ ಚಿನ್ನ ಕಾಣಿಸಿತು. ಈಗ ಅದು ಅಲ್ಲಿನ ಕೆಥೆಡ್ರಲ್ ಮ್ಯೂಸಿಯಂನಲ್ಲಿದೆ, ಹತ್ತಿರದಿಂದ ನೋಡಬಹುದು.

ಲುಕ್ಕಾದ ಮೂರ್ತಿಯೂ ಹೀಗೇ ಮ್ಯೂಸಿಯಂ ಸೇರಲಿ. ಹಬ್ಬದ ಹೊತ್ತಿಗೆ ಅದನ್ನು ಕೆಥೆಡ್ರಲ್‌ಗೆ ತರಲೇಬೇಕೆಂದು ಊರವರು ಕೇಳಿದರೆ, ತೇವ-ಶಾಖ ನೋಡಿಕೊಳ್ಳುವವರು ಜೊತೆಗಿದ್ದು ತರಲಿ.