‘ಇಂಪಾಸೆ’ ಅಲ್ಲ ಸ್ವಾಮಿ!

ಮಾತುಕತೆ ಮುರಿದುಬಿತ್ತು ಅನ್ನಲು ಮನಸ್ಸಿಲ್ಲ, ನಡೀತಿದೆ ಅನ್ನಲು ಮುಖವಿಲ್ಲ. ಆಗ ಮೀಟಿಂಗಿನಲ್ಲಿ ಯಾರಾದರೊಬ್ಬರು ಗಂಟಲು ಸರಿಮಾಡಿಕೊಂಡು ‘ಇಂಪಾಸೆ’ (impasse) ಅನ್ನುತ್ತಾರೆ. ದೋಸೆ, ತಮಾಷೆಗಳ ಪ್ರಾಸದಲ್ಲಿ! ಸ್ವಾಮಿ, ಕೊನೆಯ ಆ ‘e’ ಬರೆಯುವುದಕ್ಕೆ ಮಾತ್ರ. ಫ್ರೆಂಚರು ಮೊದಲಕ್ಷರವನ್ನು ಮೂಗಿನಲ್ಲಿ ಎಳೆದು ‘ಆ್ಯಂಪಾಸ್’ ಅನ್ನುತ್ತಾರೆ. ಮೂಗು ಒಪ್ಪದಿದ್ದರೆ ‘ಇಂಪಾಸ್’ ಅನ್ನಿ, ಇಂಗ್ಲಿಷಿನಲ್ಲಿ ನಡೆಯುತ್ತದೆ.

ಬಿಡಿಸಿದರೆ ಪದ ನಮಗೆ ಪರಿಚಿತವೇ. ಬಸ್ ಪಾಸು, ಪಾಸ್‌ಪೋರ್ಟು, ಎಸ್ಸೆಸ್ಸೆಲ್ಸಿ ಪಾಸು ಹುಟ್ಟಿದ ಫ್ರೆಂಚ್ ಧಾತುವಿಗೇ ಹಿಂದೆ ಒಂದು ನಕಾರ ಸೇರಿದೆ. ದಾಟಲಾಗದ್ದು, ನಮ್ಮ ಬಾಯಲ್ಲಿ ಡೆಡ್ ಎಂಡ್. ಎಲ್‌ಎಲ್ ಪರೀಕ್ಷೆಗೆ ಉರುಹೊಡೆಯುವ ಚಿಹ್ನೆಗಳಲ್ಲಿ ನೀಲಿ ಹಲಗೆ, ಬಿಳಿ ಕಂಬ, ಅದರ ತಲೆಮೇಲೆ ಕೆಂಪು ಪಟ್ಟಿ ಇರುತ್ತದಲ್ಲ, ಅದು.

ಈ ಪದವನ್ನು ಚಾಲ್ತಿಗೆ ತಂದವನು ಫ್ರೆಂಚ್ ಲೇಖಕ ವಾಲ್ಟೇರ್. ಅದಕ್ಕೆ ಮುಂಚೆ ಫ್ರೆಂಚರು ಅಂಥ ಬೀದಿಗೆ ‘ಕ್ಯುದ್‌ಸಾಕ್’ (cul-de-sac) ಅನ್ನುತ್ತಿದ್ದರು. ಮುಚ್ಚುಮರೆಯಿಲ್ಲದೆ ಹೇಳುವುದಾದರೆ, ಚೀಲದ ಕುಂಡಿ. ಚರ್ಚನ್ನು ಬೈದು, ಬ್ಯಾಸ್ಟಿಲ್ ಸೆರೆಮನೆಯನ್ನೂ ಕಂಡು ಬಂದ ಮನುಷ್ಯನಿಗೆ ಈ ಒಂದು ಪದ ಮಾತ್ರ ಸಹಿಸಲಾಗಲಿಲ್ಲ. 1760ರ ಆಸುಪಾಸಿನಲ್ಲಿ ಪ್ಯಾರಿಸಿನವರಿಗೆಂದೇ ಒಂದು ಪತ್ರ ಬರೆದ: ಬೀದಿ ಕುಂಡಿಯ ಹಾಗೂ ಇಲ್ಲ, ಚೀಲದ ಹಾಗೂ ಇಲ್ಲ, ದಯವಿಟ್ಟು ಆ್ಯಂಪಾಸ್ ಅನ್ನಿ, ಗಂಭೀರವಾಗಿದೆ, ಕಿವಿಗೂ ಹಿತ. ಅಷ್ಟಕ್ಕೂ ಸಮಾಧಾನವಿಲ್ಲ. ರೋಮನ್ನರು ಅಂಥ ಗಲ್ಲಿಗೆ ‘ಆಂಜಿಪೋರ್ಟುಸ್’ ಎಂದು ಲಕ್ಷಣವಾಗಿ ಕರೆದಿದ್ದರು, ನಮಗೇನು ಬಂತು ಕೇಡು ಎಂದು ಇನ್ನೊಂದು ಕಡೆ ಹಲುಬಿದ. ಅಷ್ಟು ದೊಡ್ಡ ಲೇಖಕ, ಓಣಿಯ ಹೆಸರಿಗೆ ಇಷ್ಟು ಶಾಯಿ!

ಪಾಪ, ಗೆದ್ದದ್ದು ಅರ್ಧವೇ. ಪ್ಯಾರಿಸಿನ ಬೀದಿಹಲಗೆಗಳ ಮೇಲೆ ಇಂದಿಗೂ ಅವನ ಪದವಿದೆ. ಇಂಗ್ಲಿಷರು ಮಾತ್ರ ಅದನ್ನು ನಿಂತುಹೋದ ಮಾತುಕತೆಗಳಿಗೆ ಅಂಟಿಸಿ, ಅವನು ಬಿಸಾಡಿದ್ದನ್ನು ಆರಿಸಿಕೊಂಡು ಮನೆಯ ಬೀದಿಗೆ ಇಟ್ಟುಕೊಂಡರು. ಅಲ್ಲಿಂದ ಅದು ಬೆಂಗಳೂರಿನ ವಿಲ್ಲಾ ಜಾಹೀರಾತಿಗೂ ಬಂತು: ‘ಕಲ್-ಡಿ-ಸ್ಯಾಕ್ ಪ್ಲಾಟ್’. ಗಾಡಿಗಳ ಕಾಟ ಕಡಿಮೆ, ನಿಜ. ಆದರೆ ಕೋಟಿ ಸುರಿದು ಚೀಲದ ಕುಂಡಿಯಲ್ಲಿ ಗೃಹಪ್ರವೇಶ!

ಇನ್ನೊಂದು ತಕರಾರು. ಆ್ಯಂಪಾಸಿನಲ್ಲಿ ಮುಂದೆ ಮಾತ್ರ ಗೋಡೆ. ರಿವರ್ಸ್ ಹಾಕಿದರೆ ಬಂದ ದಾರಿ ತೆರೆದೇ ಇದೆ. ಡೆಡ್‌ಲಾಕ್ ಹಾಗಲ್ಲ: ಗಲ್ಲಿಯಲ್ಲಿ ಎರಡು ಕಾರು ಮುಖಾಮುಖಿ, ಎರಡರ ಬೆನ್ನಿಗೂ ಆಟೋ, ಟೆಂಪೊ. ಒಬ್ಬ ಹಿಂದೆ ಸರಿಯಬೇಕಾದರೆ ಇನ್ನೊಬ್ಬ ಮೊದಲು ಸರಿಯಬೇಕು. ಮೀಟಿಂಗಿನಲ್ಲಿ ರಿವರ್ಸ್ ಹಾಕಲು ಒಲ್ಲದವರು ಇವೆರಡೂ ಒಂದೇ ಎಂದು ಸಾಧಿಸುತ್ತಾರೆ.

ಫ್ರಾನ್ಸಿನ ವಿದ್ಯಾರ್ಥಿಗಳ ಬಾಯಲ್ಲಿ ಇದೇ ಪದಕ್ಕೆ ಬೇರೆಯೇ ಕೆಲಸ. ಬ್ರಿಜ್ ಎಂಬ ಇಸ್ಪೀಟು ಆಟದಲ್ಲಿ ಕಿಂಗ್ ಯಾರ ಕೈಲಿದೆ ಎಂದು ಊಹಿಸಿ, ಏಸ್ ಉಳಿಸಿಕೊಂಡು ಕ್ವೀನ್ ಇಳಿಸುವ ಜೂಜಿಗೆ ಅಲ್ಲಿ ಆ್ಯಂಪಾಸ್ ಅನ್ನುತ್ತಾರೆ. ಪರೀಕ್ಷೆಗೆ ಇದು ಬರಲಿಕ್ಕಿಲ್ಲ ಎಂದು ಒಂದು ಪಾಠವನ್ನೇ ಓದದೆ ಬಿಟ್ಟರೆ ಅದೂ ಆ್ಯಂಪಾಸೇ. ನಮ್ಮ ಹುಡುಗರು ‘ಚಾಯ್ಸ್‌ಗೆ ಬಿಟ್ಟಿದೀನಿ’ ಅನ್ನುತ್ತಾರಲ್ಲ, ಅದು.